ಮೊದಲು ಬಂದದ್ದು ತೋಳವೋ, ಕಂದು ಮೊಲವೋ? ಒಂದು ಸಿಮ್ಯುಲೇಶನ್ ಪಾಠದ ಪ್ರಕರಣ ಅಧ್ಯಯನ

"ತೋಳಗಳಿಂದ ತಪ್ಪಿಸಿಕೊಳ್ಳಲು ಮೊಲಗಳು ತಮ್ಮ ಮೈಬಣ್ಣವನ್ನು ಕಂದು ಮಾಡಿಕೊಂಡವು."

ಇದು ಒಬ್ಬ ವಿದ್ಯಾರ್ಥಿನಿ ನೋಟ್‌ಬುಕ್‌ನಲ್ಲಿ ಬರೆದ ಸಾಲು. ನಿಸರ್ಗದ ಆಯ್ಕೆಯ ಪಾಠವನ್ನು ನಾನು ಎರಡು ಪಿರಿಯಡ್ ಕಂಪ್ಯೂಟರ್ ಸಿಮ್ಯುಲೇಶನ್ ಇಟ್ಟುಕೊಂಡೇ ಮಾಡಿದ್ದೆ. ಅದಾದ ಮೇಲೆ ಬಂದ ಉತ್ತರ ಇದು. ಬರೆದವಳು ಗಮನ ಕೊಡದ ಹುಡುಗಿಯಲ್ಲ. ಲ್ಯಾಬಿನಲ್ಲಿ ಎಲ್ಲರಿಗಿಂತ ಹತ್ತಿರದಿಂದ ಪರದೆ ನೋಡಿದವಳು, ಗ್ರಾಫ್ ನೀಟಾಗಿ ಬರೆದವಳು. ಉಳಿದ ನೋಟ್‌ಬುಕ್ ತೆರೆದು ನೋಡಿದೆ. ಅರ್ಧಕ್ಕಿಂತ ಜಾಸ್ತಿ ಮಕ್ಕಳು ಇದೇ ಅರ್ಥದ ಸಾಲು ಬರೆದಿದ್ದರು.

ಡಾರ್ವಿನ್ ಹೇಳಿದ್ದು ಇದಕ್ಕೆ ಪೂರ್ತಿ ಉಲ್ಟಾ. ತೋಳದಿಂದ ತಪ್ಪಿಸಿಕೊಳ್ಳಲೆಂದು ಯಾವ ಮೊಲವೂ ಬಣ್ಣ ಬದಲಿಸುವುದಿಲ್ಲ. ಬಿಳಿಯದು ಬಿಳಿಯಾಗಿಯೇ ಹುಟ್ಟುತ್ತದೆ, ಬಿಳಿಯಾಗಿಯೇ ಸಾಯುತ್ತದೆ. ಎಲ್ಲೋ ಒಂದು ಮರಿ, ಯಾವ ಉದ್ದೇಶವೂ ಇಲ್ಲದೆ, ಕಂದು ಬಣ್ಣದ್ದಾಗಿ ಹುಟ್ಟುತ್ತದೆ. ಮಣ್ಣಿನ ನೆಲದಲ್ಲಿ ತೋಳದ ಕಣ್ಣಿಗೆ ಅದು ಕಡಿಮೆ ಬೀಳುತ್ತದೆ. ಹಾಗಾಗಿ ಅದರ ಮರಿಗಳು ಜಾಸ್ತಿ ಉಳಿಯುತ್ತವೆ. ಬದಲಾಗುವುದು ಒಂದೊಂದು ಮೊಲವಲ್ಲ, ಗುಂಪಿನಲ್ಲಿ ಬಿಳಿ ಎಷ್ಟು, ಕಂದು ಎಷ್ಟು ಎಂಬ ಲೆಕ್ಕ.

ಇಷ್ಟನ್ನು ಮಕ್ಕಳು ಕಣ್ಣಾರೆ ನೋಡಲಿ ಎಂದೇ ನಾನು ಸಿಮ್ಯುಲೇಶನ್ ತಂದದ್ದು. ನೋಡಿದ ಮೇಲೂ ಅವರಿಗೆ ಉಲ್ಟಾ ಅರ್ಥವಾಗಿದ್ದರೆ, ಅವರು ನೋಡಿದ್ದಾದರೂ ಏನು? ಈ ಪ್ರಕರಣ ಅಧ್ಯಯನ ಆ ಪ್ರಶ್ನೆಯ ಬೆನ್ನು ಹತ್ತಿದ್ದು.

ಮೊದಲ ಪಾಠ ನಡೆದ ರೀತಿ

ತರಗತಿಯಲ್ಲಿ 42 ಮಕ್ಕಳು, ಲ್ಯಾಬಿನಲ್ಲಿ 14 ಕಂಪ್ಯೂಟರ್. ಒಂದೊಂದರ ಮುಂದೆ ಮೂವರು. ಸಿಮ್ಯುಲೇಶನ್ ಸರಳವಾದದ್ದು: ಒಂದು ಬಯಲು, ಅದರಲ್ಲಿ ಬಿಳಿ ಮೊಲಗಳು. ಪಕ್ಕದಲ್ಲಿ ಬಟನ್‌ಗಳು. ಒಂದು ಬಟನ್ ಒತ್ತಿದರೆ ತೋಳ ಬರುತ್ತದೆ, ಇನ್ನೊಂದು ಒತ್ತಿದರೆ ಮೊಲಗಳಲ್ಲಿ ಕಂದು ಬಣ್ಣದ ಮ್ಯುಟೇಶನ್, ಅಂದರೆ ಮರಿಗಳಿಗೂ ದಾಟುವ ಹುಟ್ಟು ಬದಲಾವಣೆ, ಬರುತ್ತದೆ. ಉದ್ದ ಹಲ್ಲಿಗೆ ಒಂದು, ಜೋಲು ಕಿವಿಗೆ ಒಂದು. ಕೆಳಗೆ ಮೊಲಗಳ ಸಂಖ್ಯೆಯ ಗ್ರಾಫ್ ಓಡುತ್ತಿರುತ್ತದೆ.

ಇಂಥ ಸಾಧನದ ದೊಡ್ಡ ಲಾಭ ಸಮಯ. ನಿಜವಾದ ಮೊಲದ ಗರ್ಭದ ಅವಧಿಯೇ ಸುಮಾರು 30 ದಿನ. ಪರದೆಯ ಮೇಲೆ ಒಂದು ತಲೆಮಾರು ಕೆಲವೇ ಸೆಕೆಂಡುಗಳಲ್ಲಿ ಮುಗಿಯುತ್ತದೆ. ತರಗತಿಯ 45 ನಿಮಿಷದಲ್ಲಿ ವಿಕಾಸವನ್ನು ತೋರಿಸಲು ಬೇರೆ ದಾರಿ ಕಡಿಮೆ.

ನಾನು ಹೇಳಿದ್ದು ಇಷ್ಟು: "ಆಡಿಸಿ ನೋಡಿ. ಮೊಲಗಳನ್ನು ಉಳಿಸಿಕೊಳ್ಳಲು ಪ್ರಯತ್ನಿಸಿ. ಏನಾಯಿತು ಅಂತ ಬರೆಯಿರಿ."

ಲ್ಯಾಬ್ ತುಂಬ ಉತ್ಸಾಹ. ಮೊಲಗಳು ಹೆಚ್ಚಿದವು, ಮಕ್ಕಳು ತೋಳ ಬಿಟ್ಟರು. ಮೊಲಗಳು ಪಟಪಟ ಕಡಿಮೆಯಾದವು. "ಅಯ್ಯೋ, ಬೇಗ ಕಂದು ಒತ್ತು!" ಎಂದು ಪಕ್ಕದವರು ಕೂಗಿದರು. ಒತ್ತಿದರು. ಒಂದೆರಡು ಕಂದು ಮರಿಗಳು ಕಾಣಿಸಿಕೊಂಡವು, ಹಬ್ಬಿದವು, ಗುಂಪು ಉಳಿಯಿತು. ಮಕ್ಕಳು ಚಪ್ಪಾಳೆ ತಟ್ಟಿದರು. ನಾನೂ ಪಾಠ ಚೆನ್ನಾಗಿ ಆಯಿತು ಎಂದುಕೊಂಡೆ.

ಆ ಸಾಲನ್ನು ಓದಿದ ಮಾರನೇ ದಿನ ಬಿಡುವಿನಲ್ಲಿ ನಾನೊಬ್ಬಳೇ ಕುಳಿತು ಅದೇ ಸಿಮ್ಯುಲೇಶನ್ ಮತ್ತೆ ಆಡಿಸಿದೆ. ಮಕ್ಕಳು ಒತ್ತಿದ ಕ್ರಮದಲ್ಲೇ ಬಟನ್‌ಗಳನ್ನು ಒತ್ತಿದೆ. ಮೊದಲು ತೋಳ. ಮೊಲಗಳಿಗೆ ಕಷ್ಟ. ಆಮೇಲೆ ಕಂದು ಬಣ್ಣ.

ಉತ್ತರ ಅಲ್ಲೇ ಇತ್ತು. ಪರದೆಯ ಮೇಲೆ ನಡೆದದ್ದನ್ನು ಆ ಹುಡುಗಿ ಇದ್ದ ಹಾಗೇ ಬರೆದಿದ್ದಳು. ಅಪಾಯ ಬಂತು, ಅದಕ್ಕೆ ಬೇಕಾದ ಬದಲಾವಣೆ ಬಂತು, ಅದೂ ಬೇಕಾದ ಹೊತ್ತಿಗೆ. ಬೇಕಾದಾಗ ಬಟನ್ ಒತ್ತಿದ ಕೈ ಮಗುವಿನದು. ಆದರೆ ಆ ಕೈ ಪರದೆಯ ಒಳಗೆ ಕಾಣುವುದಿಲ್ಲ. ಒಳಗೆ ಕಾಣುವುದು ಅಗತ್ಯ ಬಿದ್ದಾಗ ಬಣ್ಣ ಪಡೆಯುವ ಮೊಲ. ಮ್ಯುಟೇಶನ್ ಅಗತ್ಯವನ್ನು ಕೇಳಿ ಬರುವುದಿಲ್ಲ ಎಂದು ಕಲಿಸಬೇಕಿದ್ದ ಪಾಠ, ಅಗತ್ಯಕ್ಕೆ ಓಗೊಟ್ಟು ಮ್ಯುಟೇಶನ್ ಬರುತ್ತದೆ ಎಂದು 14 ಪರದೆಗಳ ಮೇಲೆ ತೋರಿಸಿತ್ತು.

"ಮೊಲಗಳನ್ನು ಉಳಿಸಿಕೊಳ್ಳಿ" ಎಂಬ ನನ್ನ ಸೂಚನೆ ಅದನ್ನು ಇನ್ನೂ ಗಟ್ಟಿ ಮಾಡಿತು. ನಿಸರ್ಗದಲ್ಲಿ ಯಾರೂ ಮೊಲಗಳನ್ನು ಉಳಿಸಲು ಕುಳಿತಿಲ್ಲ, ಅಲ್ವಾ? ಆ ಕೆಲಸವನ್ನು ನಾನು ಮಕ್ಕಳಿಗೆ ಕೊಟ್ಟುಬಿಟ್ಟಿದ್ದೆ.

ಇನ್ನೊಂದು ಸಂಗತಿಯೂ ಅಂದೇ ಕಣ್ಣಿಗೆ ಬಿತ್ತು. ಅದು ಭಾಷೆಯದು. ಮಕ್ಕಳ ಸಾಲುಗಳಲ್ಲಿ "ಕೊಂಡವು" ತುಂಬಿತ್ತು. ಬದಲಾಯಿಸಿಕೊಂಡವು, ಬೆಳೆಸಿಕೊಂಡವು, ಹೊಂದಿಕೊಂಡವು. ಕನ್ನಡದಲ್ಲಿ "ಕೊಳ್ಳು" ಸೇರಿದರೆ ಸಾಮಾನ್ಯವಾಗಿ ತನಗಾಗಿ ಮಾಡಿದ್ದು ಎಂಬ ಅರ್ಥ ಬರುತ್ತದೆ. ಬಾಗಿಲು ಹಾಕಿದ ಬೇರೆ, ಬಾಗಿಲು ಹಾಕಿಕೊಂಡ ಬೇರೆ. ಪ್ರಾಣಿ ಪರಿಸರಕ್ಕೆ "ಹೊಂದಿಕೊಂಡಿತು" ಎಂದು ನಾವೇ ಪಾಠದಲ್ಲಿ ಹೇಳುತ್ತೇವೆ. ಕೇಳಿದ ಮಗು ಆ ಮಾತನ್ನು ಅದರ ಸಹಜ ಅರ್ಥದಲ್ಲೇ ತಗೊಳ್ಳುತ್ತದೆ: ಮೊಲ ಮನಸ್ಸು ಮಾಡಿತು, ಬದಲಾಯಿತು. ತಪ್ಪು ಮಗುವಿನದು ಅನ್ನಲು ನನಗೆ ಮನಸ್ಸು ಬರಲಿಲ್ಲ.

ಎರಡು ಡಬ್ಬಿ

ಸಿಮ್ಯುಲೇಶನ್ ಬಿಟ್ಟುಬಿಡೋಣ ಎಂದು ಒಂದು ಕ್ಷಣ ಅನಿಸಿತು. ಆದರೆ ಸಾಧನದಲ್ಲಿ ದೋಷ ಇರಲಿಲ್ಲ. ಬಟನ್ ಯಾವಾಗ, ಯಾರು, ಯಾಕೆ ಒತ್ತುತ್ತಾರೆ ಎಂಬುದನ್ನು ನಾನು ಯೋಚಿಸಿರಲಿಲ್ಲ, ಅಷ್ಟೇ. ಹಾಗಾಗಿ ಅದೇ ಮೊಲಗಳು, ಅದೇ ತೋಳಗಳು. ಬಟನ್ ಒತ್ತುವ ನಿಯಮ ಮಾತ್ರ ಬೇರೆ ಮಾಡಿದೆ.

ಪ್ರತಿ ಕಂಪ್ಯೂಟರ್ ಮುಂದೆ ಎರಡು ಡಬ್ಬಿ ಇಟ್ಟೆ. ಒಂದರಲ್ಲಿ ಮ್ಯುಟೇಶನ್ ಚೀಟಿಗಳು: ಕಂದು ಬಣ್ಣ, ಉದ್ದ ಹಲ್ಲು, ಜೋಲು ಕಿವಿ, ಜೊತೆಗೆ ಬಹಳಷ್ಟು ಖಾಲಿ ಚೀಟಿ. ಇನ್ನೊಂದರಲ್ಲಿ ಪರಿಸರದ ಚೀಟಿಗಳು: ತೋಳ, ಗಟ್ಟಿ ಮೇವು, ಏನೂ ಇಲ್ಲ. ಮೂವರಲ್ಲಿ ಒಬ್ಬರು ಮೊದಲ ಡಬ್ಬಿಯಿಂದ ಎತ್ತಬೇಕು, ಇನ್ನೊಬ್ಬರು ಎರಡನೆಯದರಿಂದ. ಇಬ್ಬರೂ ಬೆನ್ನಿಗೆ ಬೆನ್ನು ಮಾಡಿ ಕೂರಬೇಕು. ಮೂರನೆಯವರ ಕೈಯಲ್ಲಿ ಮೌಸ್. ಚೀಟಿ ಏನು ಹೇಳುತ್ತದೋ ಅದನ್ನು ಒತ್ತುವುದಷ್ಟೇ ಅವರ ಕೆಲಸ, ಸ್ವಂತ ತೀರ್ಮಾನ ಇಲ್ಲ.

ಇನ್ನೊಂದು ನಿಯಮ: ಪ್ರತಿ ಚೀಟಿ ಎತ್ತಿದ ಮೇಲೆ ಆಟವನ್ನು ನಿಲ್ಲಿಸಿ, ಮುಂದೆ ಏನಾಗುತ್ತದೆ ಎಂದು ಮೂವರೂ ಬೇರೆ ಬೇರೆಯಾಗಿ ಬರೆಯಬೇಕು. ಪೆನ್ನಿನಲ್ಲಿ, ಕಾರಣದ ಸಮೇತ. ಆಮೇಲೆ ಆಟ ಮುಂದುವರಿಸಬೇಕು. ಊಹಿಸು, ನೋಡು, ವಿವರಿಸು ಎಂಬ ಈ ಕ್ರಮ ಹೊಸದಲ್ಲ. ವಿಜ್ಞಾನ ಶಿಕ್ಷಣದಲ್ಲಿ ರಿಚರ್ಡ್ ವೈಟ್ ಮತ್ತು ರಿಚರ್ಡ್ ಗನ್‌ಸ್ಟೋನ್ ಅದನ್ನು ಚೆನ್ನಾಗಿ ಬೆಳೆಸಿದ್ದಾರೆ. ಬರೆಯುವುದು ಯಾಕೆ ಬೇಕು ಅಂದರೆ, ಸುಮ್ನೆ ಮನಸ್ಸಿನಲ್ಲಿ ಊಹಿಸಿದ ಮಗು ಫಲಿತಾಂಶ ನೋಡಿದ ತಕ್ಷಣ "ನಾನೂ ಹಾಗೇ ಅಂದುಕೊಂಡಿದ್ದೆ" ಎನ್ನುತ್ತದೆ. ಸುಳ್ಳು ಹೇಳುತ್ತಿಲ್ಲ, ನಿಜವಾಗಿ ಹಾಗೆ ನೆನಪಾಗುತ್ತದೆ. ಹಾಳೆಯ ಮೇಲಿನ ಶಾಯಿ ಮಾತ್ರ ಮರೆಯಲು ಬಿಡುವುದಿಲ್ಲ.

ಆ ಪಿರಿಯಡ್ಡಿನ ಸದ್ದೇ ಬೇರೆ. ಕೆಲವು ಗುಂಪುಗಳಿಗೆ ಮೊದಲೇ ಕಂದು ಬಂತು, ತೋಳ ಇನ್ನೂ ಇರಲಿಲ್ಲ. ಬಿಳಿಯೂ ಇತ್ತು, ಕಂದೂ ಇತ್ತು, ಯಾವುದಕ್ಕೂ ವಿಶೇಷ ಲಾಭ ಇಲ್ಲ. "ಕಂದು ಬಂದ ಮೇಲೆ ಎಲ್ಲವೂ ಕಂದಾಗುತ್ತವೆ" ಎಂದು ಬರೆದಿದ್ದ ಹುಡುಗ ಪರದೆಯನ್ನು ಬಹಳ ಹೊತ್ತು ನೋಡುತ್ತ ಕುಳಿತ. ಕೆಲವರಿಗೆ ತೋಳ ಬಂತು, ಮ್ಯುಟೇಶನ್ ಡಬ್ಬಿಯಿಂದ ಜೋಲು ಕಿವಿ ಬಂತು. ತೋಳದ ಮುಂದೆ ಜೋಲು ಕಿವಿಯಿಂದ ಏನು ಪ್ರಯೋಜನ? ಮೊಲಗಳು ಒಂದೊಂದಾಗಿ ಕಡಿಮೆಯಾದವು.

"ಮೇಡಂ, ಒಂದು ಸಲ ಕಂದು ಒತ್ತಲಾ? ಎಲ್ಲಾ ಸಾಯ್ತಾ ಇವೆ."

"ಚೀಟಿ ಬಂದಿದೆಯಾ?"

"ಇಲ್ಲ."

"ಹಾಗಾದರೆ ಒತ್ತೋ ಹಾಗಿಲ್ಲ."

ಕೊನೆಯ ಮೊಲವೂ ಹೋಯಿತು. ಆ ಮೂವರು ಮುಖ ಚಿಕ್ಕದು ಮಾಡಿ ಕುಳಿತರು. ನನಗೂ ಸಂಕಟವಾಯಿತು. ಆದರೆ ಮೊದಲ ಪಾಠದಲ್ಲಿ ಕಾಣದೇ ಹೋಗಿದ್ದು ಇದೇ. ಅಳಿದುಹೋಗುವುದು. ಭೂಮಿಯ ಮೇಲೆ ಇದುವರೆಗೆ ಬದುಕಿದ ಜೀವಜಾತಿಗಳಲ್ಲಿ ಹೆಚ್ಚಿನವು ಅಳಿದೇ ಹೋಗಿವೆ. ಬೇಕು ಅಂದಾಗ ಬದಲಾವಣೆ ಬರುವಂತಿದ್ದರೆ ಯಾವುದೂ ಅಳಿಯಬೇಕಿರಲಿಲ್ಲ.

ಆ ಗುಂಪಿನಲ್ಲಿ ಚೀಟಿ ಎತ್ತುತ್ತಿದ್ದ ಹುಡುಗ ಸ್ವಲ್ಪ ಹೊತ್ತಿನ ಮೇಲೆ ಕೈ ಎತ್ತಿದ. "ಮೇಡಂ, ಈ ಡಬ್ಬಿಗೆ ಆ ಡಬ್ಬಿಯಿಂದ ಏನು ಬಂತು ಅಂತ ಗೊತ್ತೇ ಇಲ್ಲ."

ಆ ಮಾತನ್ನು ಹಲಗೆಯ ಮೇಲೆ ಅವನ ಕೈಯಲ್ಲೇ ಬರೆಸಿದೆ. ಮ್ಯುಟೇಶನ್ ಯಾದೃಚ್ಛಿಕ ಎಂದು ಪಠ್ಯಪುಸ್ತಕ ಹೇಳುತ್ತದೆ. ಎಷ್ಟು ಮಕ್ಕಳಿಗೆ ಆ ಪದ ಒಳಗಿಳಿಯುತ್ತದೆ? ಈ ಡಬ್ಬಿಗೆ ಆ ಡಬ್ಬಿಯ ಸುದ್ದಿ ಗೊತ್ತಿಲ್ಲ ಎಂದರೆ ಸಾಕು.

ಪಿರಿಯಡ್ ಮುಗಿಯುವ ಮೊದಲು 14 ಗ್ರಾಫ್‌ಗಳನ್ನು ಗೋಡೆಗೆ ಸಾಲಾಗಿ ಅಂಟಿಸಿದೆವು. ಒಂದರಂತೆ ಇನ್ನೊಂದಿಲ್ಲ. ಒಂದೇ ಕಂಪ್ಯೂಟರ್, ದೊಡ್ಡ ಪರದೆ, ಟೀಚರ್ ಕೈಯಲ್ಲಿ ಮೌಸ್ ಇದ್ದಾಗ ಇದು ಎಂದೂ ಕಾಣುವುದಿಲ್ಲ. ಆಗ ಒಂದೇ ಗ್ರಾಫ್ ಇರುತ್ತದೆ, ಅದೇ ಸರಿ ಉತ್ತರ ಆಗಿಬಿಡುತ್ತದೆ. ಕಂಪ್ಯೂಟರ್ ಒಂದೇ ಇದ್ದರೂ ಅದೇ ಆಟವನ್ನು ಐದಾರು ಸಲ ಓಡಿಸಿ ಗ್ರಾಫ್ ಒಟ್ಟಿಗೆ ಇಡಬೇಕು ಎಂದು ನಾನು ಈಗ ಹಟ ಮಾಡುತ್ತೇನೆ.

ಚೀಟಿ ನೀವೇ ಹಾಕಿದ್ದಲ್ವಾ?

ಮಾರನೇ ದಿನ ಒಬ್ಬ ಹುಡುಗಿ ಕೇಳಿದ ಪ್ರಶ್ನೆ ನನ್ನನ್ನು ನಿಲ್ಲಿಸಿತು. "ಡಬ್ಬಿಗೆ ಗೊತ್ತಿಲ್ಲ ಅಂತ ಮಾಡಿದ್ದು ನೀವು. ನಿಜವಾದ ಪ್ರಾಣಿಗಳಲ್ಲೂ ಹಾಗೇ ಅಂತ ಹೇಗೆ ಗೊತ್ತು ಮೇಡಂ?"

ಸಿಮ್ಯುಲೇಶನ್ ಬಗ್ಗೆ ಒಂದು ಮಗು ಕೇಳಬಹುದಾದ ಅತಿ ಒಳ್ಳೆಯ ಪ್ರಶ್ನೆ ಇದು. ಸಿಮ್ಯುಲೇಶನ್‌ನಲ್ಲಿ ಕಾಣುವುದೆಲ್ಲ ಯಾರೋ ಮೊದಲೇ ಹಾಕಿದ ನಿಯಮದ ಫಲ. ನಿಯಮ ಹೀಗಿದ್ದರೆ ಫಲ ಹೀಗೆ ಎಂದಷ್ಟೇ ಅದು ತೋರಿಸಬಲ್ಲದು. ನಿಯಮ ನಿಜವೋ ಅಲ್ಲವೋ ಎಂದು ಹೇಳಬೇಕಾದದ್ದು ಪ್ರಯೋಗ.

ಆ ಪ್ರಯೋಗ ನಡೆದಿದೆ. 1943ರಲ್ಲಿ ಸಾಲ್ವಡಾರ್ ಲುರಿಯಾ ಮತ್ತು ಮ್ಯಾಕ್ಸ್ ಡೆಲ್‌ಬ್ರೂಕ್ ಎಂಬ ವಿಜ್ಞಾನಿಗಳು ಪ್ರಕಟಿಸಿದ್ದು. ಬ್ಯಾಕ್ಟೀರಿಯಾವನ್ನು ಕೊಲ್ಲುವ ವೈರಸ್ ಇದೆ. ಅದನ್ನು ಬಿಟ್ಟಾಗ ಕೆಲವು ಬ್ಯಾಕ್ಟೀರಿಯಾ ಮಾತ್ರ ಬದುಕಿ ಉಳಿಯುತ್ತವೆ. ವೈರಸ್ ತಗುಲಿದ ಮೇಲೆ ಅವು ತಡೆಯುವ ಶಕ್ತಿ ಪಡೆದವೇ? ಇಲ್ಲ, ಆ ಶಕ್ತಿ ಅವುಗಳಲ್ಲಿ ಮೊದಲೇ ಬಂದಿತ್ತೇ? ಅವರು ಬೇರೆ ಬೇರೆ ನಳಿಕೆಗಳಲ್ಲಿ ಬ್ಯಾಕ್ಟೀರಿಯಾ ಬೆಳೆಸಿ, ಪ್ರತಿಯೊಂದರಲ್ಲಿ ಉಳಿದವು ಎಷ್ಟು ಎಂದು ಎಣಿಸಿದರು. ಒಂದು ನೃತ್ಯಕೂಟದಲ್ಲಿ ಸಹೋದ್ಯೋಗಿಯೊಬ್ಬರು ಜೂಜಿನ ಯಂತ್ರ ಆಡುತ್ತಿದ್ದುದನ್ನು ನೋಡುತ್ತಿದ್ದಾಗ ಲುರಿಯಾ ಅವರಿಗೆ ಈ ದಾರಿ ಹೊಳೆಯಿತಂತೆ. ಹೆಚ್ಚಿನ ಸಲ ಏನೂ ಬರುವುದಿಲ್ಲ, ಅಪರೂಪಕ್ಕೆ ರಾಶಿ ಬರುತ್ತದೆ.

ನಾವು ಇದನ್ನು ಕಂಪ್ಯೂಟರ್ ಇಲ್ಲದೆ, ದಾಳ ಮತ್ತು ಕಾಗದದಲ್ಲಿ ಮಾಡಿದೆವು. ಕೈಯಲ್ಲಿ ಆಡಿದ ಸಿಮ್ಯುಲೇಶನ್ ಕೂಡ ಸಿಮ್ಯುಲೇಶನ್ನೇ. ತರಗತಿಯನ್ನು ಎಂಟು ಗುಂಪು ಮಾಡಿದೆ. ಒಂದು ಚುಕ್ಕೆಯಿಂದ ಶುರು. ಅದು ಎರಡಾಗುತ್ತದೆ, ನಾಲ್ಕಾಗುತ್ತದೆ, ಎಂಟು, ಹದಿನಾರು. ಪ್ರತಿ ಹೊಸ ಚುಕ್ಕೆಗೆ ಎರಡು ದಾಳ ಎಸೆಯಬೇಕು. ಎರಡರಲ್ಲೂ ಆರು ಬಿದ್ದರೆ ಆ ಚುಕ್ಕೆ ಕೆಂಪು, ಅದರ ಮುಂದಿನ ಸಂತತಿಯೆಲ್ಲ ಕೆಂಪು. ಕೊನೆಗೆ ವೈರಸ್ ಬರುತ್ತದೆ, ಕೆಂಪು ಮಾತ್ರ ಉಳಿಯುತ್ತದೆ.

ಮೂರು ಗುಂಪುಗಳಲ್ಲಿ ಒಂದೂ ಉಳಿಯಲಿಲ್ಲ. ಮೂರರಲ್ಲಿ ಒಂದೊಂದು, ಒಂದರಲ್ಲಿ ಎರಡು. ಕೊನೆಯ ಗುಂಪಿನಲ್ಲಿ ಎಂಟು! ಅವರಿಗೆ ಮೊದಲ ಸುತ್ತಿನಲ್ಲೇ ಎರಡು ಆರು ಬಿದ್ದಿತ್ತು.

ಆಮೇಲೆ ಇನ್ನೊಂದು ನಿಯಮ. ಈಗ ಬೆಳೆಯುವಾಗ ದಾಳ ಇಲ್ಲ. ವೈರಸ್ ತಗುಲಿದ ಮೇಲೆ ಹದಿನಾರು ಚುಕ್ಕೆಗಳೂ ಒಂದೊಂದು ಸಲ ಒಂದೇ ದಾಳ ಎಸೆಯುತ್ತವೆ, ಆರು ಬಿದ್ದದ್ದು ಉಳಿಯುತ್ತದೆ. ಅಂದರೆ ಅಗತ್ಯ ಬಂದ ಮೇಲೆ ಬದಲಾವಣೆ. ಈ ಸಲ ಎಲ್ಲ ಗುಂಪಿನ ಸಂಖ್ಯೆಗಳೂ ಹತ್ತಿರ ಹತ್ತಿರ, ಒಂದರಿಂದ ನಾಲ್ಕರೊಳಗೆ.

ಎರಡೂ ಸಾಲನ್ನು ಹಲಗೆಯ ಮೇಲೆ ಒಂದರ ಕೆಳಗೆ ಒಂದು ಬರೆದು ಕೇಳಿದೆ: ಲುರಿಯಾ ಮತ್ತು ಡೆಲ್‌ಬ್ರೂಕ್ ನಿಜವಾದ ಬ್ಯಾಕ್ಟೀರಿಯಾದಲ್ಲಿ ಯಾವ ಸಾಲಿನಂಥದ್ದನ್ನು ಕಂಡಿರಬಹುದು? ಮೊದಲನೆಯದನ್ನು. ಹಲವು ನಳಿಕೆಗಳಲ್ಲಿ ಸೊನ್ನೆ, ಕೆಲವದರಲ್ಲಿ ಬಹಳ. ಬದಲಾವಣೆ ವೈರಸ್‌ಗಿಂತ ಮೊದಲೇ, ಅದರ ಸುಳಿವೇ ಇಲ್ಲದೆ ಬಂದಿತ್ತು. ಪ್ರಶ್ನೆ ಕೇಳಿದ ಹುಡುಗಿ ಹಲಗೆಯನ್ನು ನೋಡುತ್ತ "ಓ" ಎಂದಳು. ಅಷ್ಟು ಉದ್ದದ "ಓ" ನನ್ನ ತರಗತಿಯಲ್ಲಿ ಅಪರೂಪ.

ಪತಂಗಗಳು

ಮುಂದಿನ ವಾರ ಬೇರೆ ಸಿಮ್ಯುಲೇಶನ್‌ಗೆ ಹೋದೆವು. ನೆಟ್‌ಲೋಗೋ ಎಂಬ ಉಚಿತ ಸಾಫ್ಟ್‌ವೇರ್ ಇದೆ, 1999ರಲ್ಲಿ ಯೂರಿ ವಿಲೆನ್ಸ್ಕಿ ರೂಪಿಸಿದ್ದು. ಅದರ ಮಾದರಿಗಳ ಸಂಗ್ರಹದಲ್ಲಿ ಪೆಪ್ಪರ್ಡ್ ಮಾತ್ ಪತಂಗದ್ದೂ ಒಂದಿದೆ. ಅಲ್ಲಿ ಮ್ಯುಟೇಶನ್ ಪ್ರಮಾಣವನ್ನು ಎಳೆದು ಹೆಚ್ಚು ಕಡಿಮೆ ಮಾಡಲು ಬೇರೆ ಪಟ್ಟಿ (ಸ್ಲೈಡರ್), ಆಯ್ಕೆಯ ಒತ್ತಡಕ್ಕೆ ಬೇರೆ ಪಟ್ಟಿ, ಪರಿಸರವನ್ನು ಮಲಿನ ಮಾಡಲು ಬೇರೆ ಬಟನ್. ಮ್ಯುಟೇಶನ್ ತನ್ನ ಪಾಡಿಗೆ ನಡೆಯುತ್ತಿರುತ್ತದೆ. ನಮ್ಮ ಎರಡು ಡಬ್ಬಿ ಅದರ ಒಳಗೇ ಇದ್ದ ಹಾಗೆ. ನನಗೆ ಜಾಸ್ತಿ ಇಷ್ಟವಾದದ್ದು, ಒಳಗಿನ ನಿಯಮಗಳನ್ನು ತೆರೆದು ಓದಬಹುದು ಎಂಬುದು.

ಮೆಣಸಿನ ಪುಡಿ ಚೆಲ್ಲಿದಂಥ ಚುಕ್ಕೆಯ ಈ ತಿಳಿ ಬಣ್ಣದ ಪತಂಗದ ಕತೆ ನಿಜವಾಗಿ ನಡೆದದ್ದು. ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನಲ್ಲಿ 1848ರಲ್ಲಿ ಒಂದು ಕಪ್ಪು ಪತಂಗ ಸಿಕ್ಕಿತು. ಕಾರ್ಖಾನೆಗಳ ಮಸಿ ಮರಗಳನ್ನು ಕಪ್ಪಾಗಿಸಿತು. 1895ರ ಹೊತ್ತಿಗೆ ಅಲ್ಲಿನ ಪತಂಗಗಳಲ್ಲಿ ನೂರಕ್ಕೆ 98 ಕಪ್ಪು. ಗಾಳಿ ಶುದ್ಧ ಮಾಡುವ ಕಾನೂನು 1956ರಲ್ಲಿ ಬಂದ ಮೇಲೆ ಕಪ್ಪು ಮತ್ತೆ ಇಳಿಯಿತು. ಕಪ್ಪಿಗೆ ಕಾರಣವಾದ ಮ್ಯುಟೇಶನ್ ಸುಮಾರು 1819ರಲ್ಲಿ ಆಗಿರಬೇಕು ಎಂದು 2016ರಲ್ಲಿ ಪ್ರಕಟವಾದ ಡಿಎನ್‌ಎ ಅಧ್ಯಯನ ಅಂದಾಜು ಮಾಡಿತು. ಜೀವವಿಜ್ಞಾನಿ ಮೈಕಲ್ ಮಜೆರಸ್ ಆರು ವರ್ಷ 4,864 ಪತಂಗಗಳನ್ನು ಬಿಟ್ಟು ಪರೀಕ್ಷಿಸಿ, ಹಕ್ಕಿಗಳೇ ಅವನ್ನು ಹೆಕ್ಕಿ ತಿನ್ನುವುದನ್ನು ಖಚಿತಪಡಿಸಿದರು.

ಈ ಸಂಗತಿಗಳನ್ನು ನಾನು ಆಟದ ನಂತರ ಕೊಟ್ಟೆ. ಮಾದರಿಯಲ್ಲಿ ಏನು ಸರಿ ಇಲ್ಲ ಎಂದು ಹುಡುಕುವುದು ಅವರ ಕೆಲಸ. ಮಾದರಿಯಲ್ಲಿ ಬಿಳಿಯಿಂದ ಕಪ್ಪಿನವರೆಗೆ ಬೂದು ಬಣ್ಣದ ಎಲ್ಲ ಛಾಯೆಗಳಿವೆ. ನಿಜದಲ್ಲಿ ಮುಖ್ಯವಾಗಿ ತಿಳಿ ಮತ್ತು ಕಪ್ಪು, ನಡುವಿನವು ಕಡಿಮೆ. ಮಾದರಿಯ ಹಕ್ಕಿಗಳು ಕಾಣುವುದೇ ಇಲ್ಲ. ಪತಂಗಗಳು ಬೇರೆ ಊರಿನಿಂದ ಹಾರಿ ಬರುವುದಿಲ್ಲ. ಮೊಲದ ಸಿಮ್ಯುಲೇಶನ್‌ಗೂ ಹಿಂದಿರುಗಿ ಪಟ್ಟಿ ಮಾಡಿದರು: ಅಲ್ಲಿ ರೋಗ ಇಲ್ಲ, ಬಿಲ ಇಲ್ಲ, ತೋಳಕ್ಕೆ ಹೊಟ್ಟೆ ತುಂಬುವುದೇ ಇಲ್ಲ.

ಏನು ಬದಲಾಯಿತು, ಏನು ಉಳಿಯಿತು

ಒಂದು ವಾರ "ಕೊಂಡಿತು, ಕೊಂಡವು" ಬಳಸದೆ ಬರೆಯಿರಿ ಎಂದು ಹೇಳಿದ್ದೆ. ಮಕ್ಕಳಿಗೆ ಕಷ್ಟವಾಯಿತು, ಆದರೆ ವಾಕ್ಯ ಬದಲಾದಾಗ ವಿಚಾರವೂ ಬದಲಾಯಿತು. ಮೊದಲ ಸಾಲು ಬರೆದಿದ್ದ ಹುಡುಗಿ ಈಗ ಬರೆದದ್ದು: "ಕಂದು ಮೊಲ ಮೊದಲೇ ಇತ್ತು. ತೋಳ ಬಂದ ಮೇಲೆ ಬಿಳಿಯವು ಹೆಚ್ಚು ಸತ್ತವು. ಕಂದು ಇರದಿದ್ದರೆ ಎಲ್ಲವೂ ಸಾಯುತ್ತಿದ್ದವು." ಕೊನೆಯ ವಾಕ್ಯವನ್ನು ಓದಿ ನನಗೆ ತುಂಬ ಖುಷಿಯಾಯಿತು.

ಎಲ್ಲವೂ ಸರಿಹೋಯಿತು ಎಂದು ಹೇಳಲಾರೆ. ಮೂರು ವಾರ ಬಿಟ್ಟು ಮೊಲವೂ ಪತಂಗವೂ ಇಲ್ಲದ ಪ್ರಶ್ನೆ ಕೊಟ್ಟೆ. ಕತ್ತಲ ಗುಹೆಗಳಲ್ಲಿ ಒಂದು ಬಗೆಯ ಮೀನು ಇದೆ. ಭ್ರೂಣದಲ್ಲಿ ಕಣ್ಣು ಮೂಡಲು ಶುರುವಾಗಿ, ಆಮೇಲೆ ಕ್ಷೀಣಿಸಿ ಹೋಗುತ್ತದೆ. ಇದು ಹೇಗೆ ಬಂದಿರಬಹುದು? "ಕತ್ತಲಲ್ಲಿ ಕಣ್ಣು ಬೇಡ, ಅದಕ್ಕೆ ಹೋಯಿತು" ಎಂದು ಅನೇಕರು ಬರೆದರು. ಬಂದದ್ದನ್ನು ವಿವರಿಸಲು ಕಲಿತ ಮಕ್ಕಳು, ಹೋದದ್ದನ್ನು ಕೇಳಿದಾಗ ಮತ್ತೆ ಅಗತ್ಯದ ಮಾತಿಗೇ ಮರಳಿದರು. ನನ್ನ ಸಿಮ್ಯುಲೇಶನ್‌ಗಳಲ್ಲಿ ಎಲ್ಲೂ ಯಾವ ಅಂಗವೂ ಕಳೆದುಹೋಗಿರಲಿಲ್ಲ. ತೋರಿಸದೇ ಇದ್ದದ್ದನ್ನು ಅವರು ಎಲ್ಲಿಂದ ತರಬೇಕು?

ಉತ್ತರಗಳನ್ನು ಹಿಂದಿರುಗಿಸುವಾಗ ಚೀಟಿಯ ಹುಡುಗ ಎದ್ದು ನಿಂತ. "ಮೇಡಂ, ಪತಂಗದ ಆಟದಲ್ಲಿ ಹಕ್ಕಿಗೆ ಬಣ್ಣ ಕಾಣದ ಹಾಗೆ ಮಾಡಬಹುದಾ? ಆಯ್ಕೆಯ ಪಟ್ಟಿಯನ್ನು ಪೂರ್ತಿ ಕೆಳಗೆ ಎಳೆದು, ಮ್ಯುಟೇಶನ್ ಮಾತ್ರ ಇಟ್ಟರೆ? ಕತ್ತಲೆ ಅಂದರೂ ಹಾಗೇ ತಾನೇ, ಕಣ್ಣು ಕೆಟ್ಟರೂ ಯಾರೂ ಕೇಳೋದಿಲ್ಲ."

ಲ್ಯಾಬಿಗೆ ಹೋದೆವು. ಅವನು ಪಟ್ಟಿಯನ್ನು ಕೆಳಗೆ ಎಳೆದ. ಓಡಿಸುವ ಬಟನ್ ಮೇಲೆ ಕೈ ಇಟ್ಟವನನ್ನು ಪಕ್ಕದವಳು ತಡೆದಳು. "ತಾಳು, ಇನ್ನೂ ಬರೆದಿಲ್ಲ." ಮೂವರೂ ಪೆನ್ನು ತೆಗೆದರು.